ಎರಡನೆಯ ಸಾಕ್ಷಿ

ನಮ್ಮ ಮನೆಯ ಬೀರುವಿನಲ್ಲಿ, ಪಹಣಿ ಮತ್ತು ಕಂದಾಯ ರಸೀದಿಗಳ ಕಟ್ಟಿನ ನಡುವೆ, ಎಂಟು ಪುಟಗಳ ಒಂದು ಪತ್ರವಿದೆ. ಮೊದಲ ಪುಟದ ನೆತ್ತಿಯ ಮೇಲೆ ‘ಹಕ್ಕು ಬಿಡುಗಡೆ ಪತ್ರ’ ಎಂದು ದಪ್ಪ ಅಕ್ಷರಗಳಲ್ಲಿದೆ. ಕೊನೆಯ ಪುಟದಲ್ಲಿ ‘ಸಾಕ್ಷಿಗಳು’ ಎಂಬುದರ ಕೆಳಗೆ ಎರಡು ಸಹಿಗಳಿವೆ. ಮೊದಲನೆಯದು ಅಪ್ಪನ ಸ್ನೇಹಿತರೊಬ್ಬರದು. ಎರಡನೆಯದು ನನ್ನದು. ತಾರೀಖು 2022ರ ನವೆಂಬರ್ 14. ಕಾರ್ತಿಕ ಸೋಮವಾರ. ಆಗ ನಾನು ಮೂರು ವರ್ಷದ ಎಲ್‌ಎಲ್‌ಬಿಯ ಎರಡನೇ ವರ್ಷದಲ್ಲಿದ್ದೆ.

ನಮ್ಮ ಕಡೆಯ ಹುಡುಗಿಯರು ಈಗ ಆಗಾಗ ಫೋನ್ ಮಾಡುತ್ತಾರೆ. ಬಿಎ ಮುಗಿಯಿತು ಅಕ್ಕ, ಕಾನೂನು ತೆಗೆದುಕೊಳ್ಳಲೇ, ಇಂಗ್ಲಿಷ್ ಬಾರದಿದ್ದರೆ ಕಷ್ಟವೇ, ಹಾಸ್ಟೆಲ್ ಸಿಗುತ್ತದೆಯೇ ಎಂದು ಕೇಳುತ್ತಾರೆ. ಗೊತ್ತಿರುವುದನ್ನೆಲ್ಲ ಹೇಳುತ್ತೇನೆ. ‘ಓದು ಹೇಗಿತ್ತು ಅಕ್ಕ?’ ಎಂದು ಕೇಳಿದಾಗ ಮಾತ್ರ ಮಾತು ತಡೆಯುತ್ತದೆ. ಕಾಲೇಜಿನ ಕಟ್ಟಡ, ಗ್ರಂಥಾಲಯ, ಅಣಕು ನ್ಯಾಯಾಲಯಕ್ಕೆಂದು ಹೊಲಿಸಿದ ಕಪ್ಪು ಕೋಟು ಯಾವುದೂ ನೆನಪಿಗೆ ಬರುವುದಿಲ್ಲ. ಆ ಎಂಟನೇ ಪುಟ ಬರುತ್ತದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕುದುರೆ ಮತ್ತು ಮಗಳು

ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಹಳ್ಳಿ ನಮ್ಮದು. 2021ರ ಕೊನೆಗೆ ಕಾನೂನು ಕಾಲೇಜಿಗೆ ಸೇರಿದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಹುಟ್ಟಿದ ಮೇಲೆ ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ನಮ್ಮದೂ ಅವುಗಳಲ್ಲಿ ಒಂದು. ಪ್ರಶ್ನೆಪತ್ರಿಕೆ ಎರಡೂ ಭಾಷೆಗಳಲ್ಲಿ ಇರುತ್ತಿತ್ತು. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಿತ್ತು, ನಾನು ಕನ್ನಡದಲ್ಲೇ ಬರೆದೆ. ಆದರೆ ತರಗತಿಯಲ್ಲಿ ಪಾಠ ನಡೆಯುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಗ್ರಂಥಾಲಯದ ಕಪಾಟುಗಳಲ್ಲಿದ್ದ ತೀರ್ಪುಗಳ ಸಂಪುಟಗಳೆಲ್ಲ ಇಂಗ್ಲಿಷಿನವು. ಮೊದಲ ಆರು ತಿಂಗಳು ಒಂದು ಪುಟ ಓದಲು ನನಗೆ ಒಂದು ಗಂಟೆ ಬೇಕಾಗುತ್ತಿತ್ತು. ರಾತ್ರಿ ಹಾಸ್ಟೆಲ್ಲಿನಲ್ಲಿ ನಿಘಂಟು ಮಗುಚುತ್ತ, ‘ಪ್ರತಿಫಲ’ ಎಂದರೆ ಒಪ್ಪಂದದಲ್ಲಿ ಏನು, ‘ಸಮ್ಮತಿ’ ಎಂದರೆ ಏನು ಎಂದು ಪಟ್ಟಿ ಮಾಡಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ಒಂದು ನಂಬಿಕೆ ನನ್ನಲ್ಲಿ ಗಟ್ಟಿಯಾಗಿ ಬೇರೂರಿತು: ಕಾನೂನಿಗೂ ನಮ್ಮ ಜನರಿಗೂ ನಡುವೆ ನಿಂತಿರುವ ಗೋಡೆ ಇಂಗ್ಲಿಷ್. ಅದನ್ನು ದಾಟಿದರೆ ಎಲ್ಲವೂ ತಿಳಿಯುತ್ತದೆ, ಎಲ್ಲರಿಗೂ ತಿಳಿಸಬಹುದು ಎಂದುಕೊಂಡಿದ್ದೆ.

ಕರಾರು ಕಾಯ್ದೆ ಕಲಿಸುತ್ತಿದ್ದ ಮೇಡಂ ಮಾತ್ರ ಪ್ರತಿ ಕಲಮನ್ನೂ ಮೊದಲು ಕಾಯ್ದೆಯ ಮೂಲಪಾಠವಷ್ಟೇ ಇರುವ ಬೇರ್ ಆಕ್ಟ್‌ನಿಂದ ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. 1872ರ ಆ ಕಾಯ್ದೆಯ 13ನೇ ಕಲಮು ಅವರ ಬಾಯಿಂದ ಕೇಳಿದ್ದು ಈಗಲೂ ಹಾಗೆಯೇ ನೆನಪಿದೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ನಾನು ತಲೆಯಾಡಿಸಿದ್ದು ಒಂದಕ್ಕೆ, ನೀನು ತಿಳಿದದ್ದು ಇನ್ನೊಂದು ಎಂದಾದರೆ ಅಲ್ಲಿ ಸಮ್ಮತಿಯೇ ಇಲ್ಲ. ಇಷ್ಟು ಸರಳವಾದ, ಇಷ್ಟು ನ್ಯಾಯವಾದ ಮಾತನ್ನು ಯಾರೋ ನೂರೈವತ್ತು ವರ್ಷಗಳ ಹಿಂದೆ ಬರೆದಿಟ್ಟಿದ್ದಾರಲ್ಲ ಎಂದು ನನಗೆ ಆಶ್ಚರ್ಯವೂ ಸಂತೋಷವೂ ಆಗಿತ್ತು.

ಅದೇ ಕಾಯ್ದೆಯ 17ನೇ ಕಲಮು ವಂಚನೆಯ ಬಗ್ಗೆ ಹೇಳುತ್ತದೆ. ಅದರ ಕೆಳಗೆ ಒಂದು ಕುದುರೆಯ ಉದಾಹರಣೆ ಇದೆ. ಕಾನೂನು ಓದಿದವರೆಲ್ಲ ಆ ಕುದುರೆಯನ್ನು ಬಲ್ಲರು. ಒಬ್ಬನ ಬಳಿ ರೋಗದ ಕುದುರೆ ಇದೆ. ಅದನ್ನು ಹರಾಜಿನಲ್ಲಿ ಮಾರುತ್ತಾನೆ. ರೋಗದ ವಿಷಯ ಬಾಯಿಬಿಡುವುದಿಲ್ಲ. ಇದು ವಂಚನೆಯೇ? ಅಲ್ಲ ಎನ್ನುತ್ತದೆ ಕಾನೂನು. ಸುಮ್ಮನಿರುವುದು ತಾನಾಗಿಯೇ ವಂಚನೆಯಾಗುವುದಿಲ್ಲ. ಕೊಳ್ಳುವವನು ನೋಡಿ ಕೊಳ್ಳಬೇಕು. ಮುಂದಿನ ಉದಾಹರಣೆಯಲ್ಲಿ ಕುದುರೆ ಕೊಳ್ಳುವವಳು ಮಾರುವವನ ಮಗಳು, ಈಗಷ್ಟೇ ಪ್ರಾಯಕ್ಕೆ ಬಂದವಳು. ಇಲ್ಲಿ ಅವನು ಸುಮ್ಮನಿರುವಂತಿಲ್ಲ. ಅವರಿಬ್ಬರ ಸಂಬಂಧವೇ ಹೇಳಬೇಕಾದ ಹೊಣೆಯನ್ನು ಅವನ ಮೇಲೆ ಹೊರಿಸುತ್ತದೆ. ಮೇಡಂ ಅಂದು ಒಂದು ಪ್ರಶ್ನೆ ಕೇಳಿದ್ದರು: ‘ತಂದೆ ಮಗಳು ಸರಿ. ಅಣ್ಣ ತಂಗಿಯಾದರೆ? ಅತ್ತೆ ಸೊಸೆಯಾದರೆ? ಯೋಚಿಸಿ.’ ಗಂಟೆ ಹೊಡೆಯಿತು. ಮರುದಿನ ಬೇರೆ ಕಲಮು ಶುರುವಾಯಿತು.

ಎರಡು ಸಾಲಿನ ಸಂಗತಿ

ಕಾನೂನು ಕಾಲೇಜಿನಲ್ಲಿ ಒಂದು ಪ್ರಕರಣವನ್ನು ಓದುವ ಕ್ರಮವಿದೆ. ಸಂಗತಿಗಳು, ವಿವಾದಾಂಶ, ತೀರ್ಪು, ತೀರ್ಪಿನ ಹಿಂದಿನ ತತ್ವ. ಪರೀಕ್ಷೆಗೆ ತತ್ವ ಮುಖ್ಯ. ಸಂಗತಿಗಳನ್ನು ಎರಡು ಸಾಲಿನಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಸಮಯ ಸಾಲುವುದಿಲ್ಲ. ಸಂಗತಿಗಳನ್ನು ಹಿಂಡಿ ಎರಡು ಸಾಲಿಗೆ ಇಳಿಸುವುದರಲ್ಲಿ ನಾನು ಬೇಗ ಪಳಗಿದೆ. ಗೆಳತಿಯರು ನನ್ನ ಟಿಪ್ಪಣಿಗಳನ್ನೇ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದರು.

ಆ ಟಿಪ್ಪಣಿಗಳನ್ನು ಈಚೆಗೆ ತೆಗೆದು ನೋಡಿದೆ. ಲಾಲ್‌ಮನ್ ಶುಕ್ಲಾ ಪ್ರಕರಣ, 1913. ‘ಬಹುಮಾನದ ಪ್ರಸ್ತಾಪ ತಿಳಿಯದೆ ಕೆಲಸ ಮಾಡಿದವನಿಗೆ ಬಹುಮಾನ ಕೇಳುವ ಹಕ್ಕಿಲ್ಲ.’ ಅಷ್ಟೇ ಬರೆದುಕೊಂಡಿದ್ದೇನೆ. ಮನೆ ಬಿಟ್ಟು ಹೋದ ಹುಡುಗನನ್ನು ಹುಡುಕಿ ತಾ ಎಂದು ಯಜಮಾನ ತನ್ನ ಮುನೀಮನನ್ನು ಹರಿದ್ವಾರಕ್ಕೆ ಕಳಿಸುತ್ತಾನೆ. ಅವನು ಹೋದ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಎಂದು ಕರಪತ್ರ ಹೊರಡಿಸುತ್ತಾನೆ. ಮುನೀಮ ಅಲೆದಾಡಿ ಋಷಿಕೇಶದಲ್ಲಿ ಹುಡುಗನನ್ನು ಪತ್ತೆಹಚ್ಚುತ್ತಾನೆ. ಇಷ್ಟೂ ನನ್ನ ಟಿಪ್ಪಣಿಯಲ್ಲಿ ಇಲ್ಲ. ಕೇಶವಾನಂದ ಭಾರತಿ ಪ್ರಕರಣಕ್ಕೆ ನಾಲ್ಕು ಪುಟ ಬರೆದಿದ್ದೇನೆ. 13 ನ್ಯಾಯಮೂರ್ತಿಗಳು, 7ಕ್ಕೆ 6, ಸಂವಿಧಾನದ ಮೂಲ ಸ್ವರೂಪ, 1973ರ ಏಪ್ರಿಲ್ 24, ಎಲ್ಲವೂ ಇವೆ. ಆ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ನಮ್ಮ ಭಾಷೆಯವರು, ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆಂದು ನ್ಯಾಯಾಲಯಕ್ಕೆ ಹೋದವರು ಎಂಬುದು ಮಾತ್ರ ನನ್ನ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ. ದೇಶದ ಸಂವಿಧಾನದ ಚರಿತ್ರೆಯನ್ನೇ ತಿರುಗಿಸಿದ ಪ್ರಕರಣದ ಅರ್ಜಿದಾರರು ಯಾರು ಎಂದು ಯಾವ ಪರೀಕ್ಷೆಯಲ್ಲೂ ಯಾರೂ ನಮ್ಮನ್ನು ಕೇಳಲಿಲ್ಲ. ನಾವೂ ಯಾರನ್ನೂ ಕೇಳಲಿಲ್ಲ.

ಕುಟುಂಬ ಕಾನೂನಿನ ಪತ್ರಿಕೆಯಲ್ಲಿ ಹೆಣ್ಣುಮಕ್ಕಳ ಆಸ್ತಿಯ ಹಕ್ಕಿನ ಪ್ರಶ್ನೆ ಬಂದಿತ್ತು. ಅದು ನಾನು ಬರೆದ ಅತ್ಯುತ್ತಮ ಉತ್ತರ ಎಂದು ಈಗಲೂ ನಂಬಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿತು. ಆದರೆ ಆ ವರ್ಷದ ಜುಲೈ 30ಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಭೇದವನ್ನು ತೆಗೆಯಿತು. ಹಾಗಾದರೆ ಆ ದಿನಾಂಕಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಮತ್ತೆ ಎದ್ದಿತು, ಎಬ್ಬಿಸಿದವರಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳೇ ಮುಖ್ಯರು. 2015ರಲ್ಲಿ ಫೂಲಾವತಿಯ ಪ್ರಕರಣದಲ್ಲಿ ತಂದೆ ಬದುಕಿರಬೇಕು ಎಂದಾಯಿತು. 2018ರಲ್ಲಿ ದಾನಮ್ಮನ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಗೊಂದಲ ನಿವಾರಿಸಿದರು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅದಕ್ಕೆ ತಂದೆ ಆ ದಿನ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ವಿಭಾಗವಾಗಿದ್ದರೆ ಅದು ಮಾತ್ರ ಉಳಿಯುತ್ತದೆ.

ಇಷ್ಟನ್ನೂ ಕ್ರಮವಾಗಿ ಬರೆದೆ. ನಮ್ಮ ಗೈಡ್‌ನಲ್ಲಿದ್ದ ‘ಸಹದಾಯಾದಿ’ ಎಂಬ ಪದವನ್ನು ಹುಟ್ಟಿನಿಂದ ಪಾಲುದಾರಳು ಎಂಬ ಅರ್ಥದಲ್ಲಿ ಬಳಸಿದೆ. ನಮ್ಮೂರಿನಲ್ಲಿ ದಾಯಾದಿ ಎಂದರೆ ಬದುವಿನ ಮೇಲೆ ಜಗಳ ಕಾಯುವ ಗಂಡಸರು. ಮಗಳನ್ನು ಆ ಪದದಿಂದ ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಳ್ಳೆಯ ಅಂಕ ಬಂತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಸಂತೋಷಪಟ್ಟರು.

ಕಾರ್ತಿಕ ಸೋಮವಾರ

ನನಗೆ ಒಬ್ಬರೇ ಸೋದರತ್ತೆ. ಅಪ್ಪನಿಗೆ ಅಕ್ಕ. 1989ರಲ್ಲಿ ಮದುವೆಯಾಗಿ ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿಗೆ ಹೋದವರು. ಮಾವ ತೀರಿಕೊಂಡು ಬಹಳ ವರ್ಷಗಳಾದವು. ಅಜ್ಜ ತೀರಿಕೊಂಡದ್ದು 2002ರಲ್ಲಿ. ಮುತ್ತಜ್ಜನ ಕಾಲದಿಂದ ಬಂದ ತೋಟ 3 ಎಕರೆ 12 ಗುಂಟೆ ಅಜ್ಜನ ಹೆಸರಿನಲ್ಲಿಯೇ ಉಳಿದಿತ್ತು. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡ ಅಜ್ಜನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಿ, ಅಪ್ಪ ಮತ್ತು ಚಿಕ್ಕಪ್ಪ ಭಾಗ ಮಾಡಿಕೊಂಡು, ಬ್ಯಾಂಕಿನಲ್ಲಿ ಸಾಲ ತೆಗೆದು ಕೊಳವೆಬಾವಿ ಕೊರೆಸಬೇಕಿತ್ತು. ಅತ್ತೆಯ ಸಹಿ ಇಲ್ಲದೆ ಏನೂ ಆಗುವುದಿಲ್ಲ ಎಂದು ಪತ್ರ ಬರಹಗಾರರು ಹೇಳಿದ್ದರು.

ಆ ದಿನ ಅಪ್ಪ ನನ್ನನ್ನೂ ಬಾ ಎಂದರು. ‘ಕಾನೂನು ಓದುತ್ತಿದ್ದೀಯಲ್ಲ, ಪತ್ರ ಸರಿಯಾಗಿದೆಯೇ ನೋಡು’ ಎಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ಪತ್ರ ಬರಹಗಾರರ ಕೋಣೆಯ ಮುಂದೆ ಒಂದು ಬೆಂಚು. ಅತ್ತೆ ಅದರ ತುದಿಯಲ್ಲಿ ಕೂತಿದ್ದರು. ಕಾರ್ತಿಕ ಸೋಮವಾರದ ಒಪ್ಪೊತ್ತು, ಬೆಳಿಗ್ಗೆಯಿಂದ ಒಂದು ಲೋಟ ಹಾಲು ಬಿಟ್ಟರೆ ಏನೂ ತೆಗೆದುಕೊಂಡಿರಲಿಲ್ಲ. ಮಡಿಲಲ್ಲಿ ಆಧಾರ್ ಕಾರ್ಡಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಇಟ್ಟುಕೊಂಡಿದ್ದರು. ನಾನು ಪತ್ರವನ್ನು ಓದಿದೆ. ಎಲ್ಲವೂ ಕನ್ನಡದಲ್ಲೇ ಇತ್ತು. ‘ಸದರಿ ಷೆಡ್ಯೂಲು ಸ್ವತ್ತಿನಲ್ಲಿ ನನಗೆ ಇರುವ ಹಾಗೂ ಮುಂದೆ ಬರಬಹುದಾದ ಸಮಸ್ತ ಹಕ್ಕು ಬಾಧ್ಯತೆಗಳನ್ನು ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯ ಪ್ರೇರಣೆಗಳೂ ಇಲ್ಲದೆ, ಯಾವುದೇ ಪ್ರತಿಫಲ ಪಡೆಯದೆ, ನಿಮ್ಮಗಳ ಪರವಾಗಿ ಬಿಟ್ಟುಕೊಟ್ಟಿರುತ್ತೇನೆ.’ ಸರ್ವೆ ನಂಬರ್ ಸರಿಯಾಗಿತ್ತು. ವಿಸ್ತೀರ್ಣ ಸರಿಯಾಗಿತ್ತು. ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು, ತೋರಿಸಿದೆ, ತಿದ್ದಿದರು. ನನಗೆ ಕಂಡ ತಪ್ಪು ಅದೊಂದೇ.

ಅತ್ತೆ ನಾಲ್ಕನೇ ತರಗತಿಯವರೆಗೆ ಓದಿದ್ದಾರೆ. ಸಹಿ ಎಂದರೆ ಅವರಿಗೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯುವುದು. ಪ್ರತಿ ಪುಟದ ಕೆಳಗೂ ಬರೆಯಬೇಕಿತ್ತು. ಒತ್ತಕ್ಷರಕ್ಕೆ ಬಂದಾಗ ಪೆನ್ನು ಎತ್ತಿ, ಒಮ್ಮೆ ಉಸಿರು ಬಿಟ್ಟು, ಕೆಳಗೆ ಇಟ್ಟು ಬರೆಯುತ್ತಿದ್ದರು. ಮೂರನೇ ಪುಟದಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು. ‘ಪುಟ್ಟಿ, ಇದರಲ್ಲಿ ಏನು ಬರೆದಿದೆ?’

ನಾನು ಹೇಳಿದ್ದು ಇದು: ‘ಏನಿಲ್ಲ ಅತ್ತೆ, ತೋಟವನ್ನು ಅಪ್ಪ, ಚಿಕ್ಕಪ್ಪನ ಹೆಸರಿಗೆ ಮಾಡಿಸುವುದಕ್ಕೆ ನಿಮ್ಮ ಸಹಿ ಬೇಕಂತೆ.’

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅತ್ತೆ ‘ಹಾಗೋ’ ಎಂದು ತಲೆ ತಗ್ಗಿಸಿ ಮುಂದಿನ ಪುಟಕ್ಕೆ ಹೋದರು. ಒಳಗೆ ಉಪನೋಂದಣಾಧಿಕಾರಿಯವರು ‘ಒಪ್ಪಿ ಸಹಿ ಹಾಕಿದ್ದೀರಾ?’ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿ ‘ಹೂಂ’ ಎಂದರು. ಹೆಬ್ಬೆರಳನ್ನು ಯಂತ್ರದ ಮೇಲಿಟ್ಟರು. ತೆಂಗಿನ ಗರಿ ಸೀಳಿ ಸವೆದ ಬೆರಳು, ಗುರುತು ಮೂಡಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟರು. ನಾಲ್ಕನೇ ಬಾರಿಗೆ ಮೂಡಿತು. ಎರಡನೇ ಸಾಕ್ಷಿಯಾಗಿ ಬರಬೇಕಿದ್ದವರು ಬಂದಿರಲಿಲ್ಲ. ‘ನಿಮ್ಮ ಮಗಳೇ ಹಾಕಲಿ ಬಿಡಿ, ಪ್ರಾಯಕ್ಕೆ ಬಂದವಳು’ ಎಂದು ಬರಹಗಾರರು ಅಪ್ಪನಿಗೆ ಹೇಳಿದರು. ಹಾಕಿದೆ. ನನ್ನ ಸಹಿಯ ಕೆಳಗೆ ಅವರು, ಪತ್ರ ಬರೆದವರು ತಾವು ಎಂಬ ಗುರುತಿಗೆ, ‘ಬಿಕ್ಕಲಂ’ ಎಂದು ಬರೆದು ತಮ್ಮ ಸಹಿ ಹಾಕಿದರು. ಹೊರಗೆ ಬಂದಾಗ ಚಿಕ್ಕಮ್ಮ ಅತ್ತೆಗೆ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟರು. ಅತ್ತೆಗೆ ಕಣ್ಣು ತುಂಬಿ ಬಂದಿತ್ತು. ಗಂಡ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಕುಂಕುಮ ಕೊಡುವುದಿಲ್ಲ. ತವರಿನವರು ಕೊಟ್ಟರಲ್ಲ ಎಂದು.

ಆ ಉತ್ತರ ನನ್ನ ಬಾಯಿಂದ ಹೇಗೆ ಬಂತು ಎಂದು ಬಹಳ ಸಲ ಯೋಚಿಸಿದ್ದೇನೆ. ಅಪ್ಪನಿಗೆ ಹೆದರಿದ್ದೆನೇ? ಇಲ್ಲ. ಬೇಕೆಂದೇ ಮುಚ್ಚಿಟ್ಟೆನೇ? ಅದೂ ಇಲ್ಲ. ಈ ಮಾತನ್ನು ಕ್ಷಮೆಗಾಗಿ ಹೇಳುತ್ತಿಲ್ಲ, ನಡೆದದ್ದು ಇನ್ನೂ ಕೆಟ್ಟದ್ದು. ಪರೀಕ್ಷೆಯಲ್ಲಿ ಬರೆದ ಉತ್ತರಕ್ಕೂ ಆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೂ ಸಂಬಂಧವಿದೆ ಎಂದು ಆ ಕ್ಷಣ ನನಗೆ ಹೊಳೆಯಲೇ ಇಲ್ಲ. ದಾನಮ್ಮ ಎಂದರೆ ನನಗೆ ಒಂದು ತತ್ವ. ಆ ದಾನಮ್ಮನೂ ಒಂದು ದಿನ ಯಾವುದೋ ಬೆಂಚಿನ ಮೇಲೆ ಕೂತಿರಬೇಕು, ಅವಳಿಗೂ ಅಣ್ಣತಮ್ಮಂದಿರ ಮಕ್ಕಳು ಇದ್ದಿರಬೇಕು. ಅದನ್ನೆಲ್ಲ ಎರಡು ಸಾಲಿಗೆ ಹಿಂಡಿ ಹಾಕಿದ್ದವಳು ನಾನೇ. ಇಂಗ್ಲಿಷೇ ಗೋಡೆ ಎಂದುಕೊಂಡಿದ್ದೆನಲ್ಲ, ಈ ಪತ್ರ ಕನ್ನಡದಲ್ಲಿತ್ತು. ಓದಿದವಳಿಗೂ ಕೇಳಿದವರಿಗೂ ಮನೆಮಾತು ಅದೇ.

ಇನ್ನೊಂದು ಲೆಕ್ಕ ಆ ಮೇಲೆ ಹಾಸ್ಟೆಲ್ಲಿನಲ್ಲಿ ಕೂತಾಗ ಹಾಕಿದೆ. ಮೂರು ಮಕ್ಕಳು, 132 ಗುಂಟೆ. ಅತ್ತೆಯ ಪಾಲು 1 ಎಕರೆ 4 ಗುಂಟೆ. ನನ್ನ ಕಾಲೇಜಿನ ಶುಲ್ಕ, ಹಾಸ್ಟೆಲ್ ಊಟ, ಆ ಬೇರ್ ಆಕ್ಟ್‌ಗಳು, ಎಲ್ಲಕ್ಕೂ ಹಣ ಬಂದದ್ದು ಆ ತೋಟದ ಕೊಬ್ಬರಿಯಿಂದ. ಅಂದರೆ ಮೂರರಲ್ಲಿ ಒಂದು ಭಾಗ ಅತ್ತೆಯದು.

ಬಾವಿ ತೋಡಿಸಿದ ವರ್ಷ

ಮೂರನೇ ವರ್ಷದ ಬಗ್ಗೆ ಬರೆಯಲು ಹೆಚ್ಚಿಲ್ಲ. 2024ರ ಜುಲೈ 1ರಂದು ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಸಂಹಿತೆಗಳು ಬಂದವು. ನಾವು ಬಾಯಿಪಾಠ ಮಾಡಿದ ಕೊಲೆಯ ಕಲಮು 302 ಈಗ 103 ಆಯಿತು, ಮೋಸದ 420 ಈಗ 318ರೊಳಗೆ ಸೇರಿತು. ಸಹಪಾಠಿಗಳು ಬಹಳ ಕಳವಳಪಟ್ಟರು. ನನಗೆ ಅದು ಅಷ್ಟು ದೊಡ್ಡದೆನಿಸಲಿಲ್ಲ. ಸಂಖ್ಯೆಗಳನ್ನು ಮತ್ತೆ ಕಲಿಯಬಹುದು. ಅದೇ ಜುಲೈ 30ರಂದು, ವಕೀಲರ ಪರಿಷತ್ತುಗಳು ನೋಂದಣಿಗೆ 1961ರ ವಕೀಲರ ಕಾಯ್ದೆ ಹೇಳಿರುವುದಕ್ಕಿಂತ ಹೆಚ್ಚು ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125. ಸಾವಿರಗಟ್ಟಲೆ ಹೊಂದಿಸಬೇಕೆಂದು ಅಪ್ಪ ಕೂಡಿಟ್ಟಿದ್ದ ಹಣ ಮಿಕ್ಕಿತು. ನಮ್ಮಂಥ ಮನೆಗಳಿಂದ ಬಂದವರಿಗೆ ಆ ತೀರ್ಪು ಎಷ್ಟು ದೊಡ್ಡ ಉಪಕಾರ ಎಂದು ಹೇಳಿ ಮುಗಿಯುವುದಿಲ್ಲ.

ಸನ್ನದು ಬಂದ ಮೇಲೆ 2025ರ ಜನವರಿಯಲ್ಲಿ ತಾಲ್ಲೂಕು ಕೇಂದ್ರದ ಹಿರಿಯ ವಕೀಲರೊಬ್ಬರ ಕಚೇರಿ ಸೇರಿದೆ. ಎರಡನೇ ವಾರ ಒಬ್ಬ ಮುದುಕರು ಬಂದರು. ಬಂಡಿದಾರಿಯ ತಕರಾರು. ಪಕ್ಕದ ಜಮೀನಿನವರು ದಾರಿಗೆ ತಂತಿಬೇಲಿ ಹಾಕಿದ್ದರು. ದಾವಾಪತ್ರವನ್ನು ನಾನೇ ಬರೆದಿದ್ದೆ, ಕಚೇರಿಯಲ್ಲಿದ್ದ ಹಳೆಯ ಮಾದರಿಗಳನ್ನು ನೋಡಿಕೊಂಡು. ನಮ್ಮ ಸೀನಿಯರ್ ಸಹಿ ಹಾಕಿಸುವ ಮೊದಲು ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಓದುತ್ತಾರೆ. ಓದಿ ಸುಮ್ಮನಾಗುವುದಿಲ್ಲ. ಪ್ಯಾರಾ ಮುಗಿದಾಗಲೆಲ್ಲ ಕಾಗದ ಕೆಳಗಿಟ್ಟು, ‘ಈಗ ನಾನು ಓದಿದ್ದು ಏನು, ನಿಮ್ಮ ಮಾತಿನಲ್ಲಿ ಹೇಳಿ ಯಜಮಾನರೇ’ ಎನ್ನುತ್ತಾರೆ.

ನಾನು ಬರೆದಿದ್ದ ಮೂರನೇ ಪ್ಯಾರಾದಲ್ಲಿ ‘ವಾದಿಯು ಅನಾದಿ ಕಾಲದಿಂದಲೂ ಸದರಿ ದಾರಿಯನ್ನು ಬಳಸಿಕೊಂಡು ಬಂದಿರುತ್ತಾನೆ’ ಎಂದಿತ್ತು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅನಾದಿ ಕಾಲದಿಂದ ಅಲ್ಲ ಸ್ವಾಮಿ. ನಮ್ಮಪ್ಪ ಬಾವಿ ತೋಡಿಸಿದ ವರ್ಷದಿಂದ’ ಎಂದರು. ಮೊದಲು ಬೇರೆ ಕಡೆಯಿಂದ ಹೋಗುತ್ತಿದ್ದರಂತೆ. ಬಾವಿಯ ಕಲ್ಲು ಸಾಗಿಸಲು ಬಂಡಿಗೆ ಈ ದಾರಿ ಬಿಡಿಸಿಕೊಂಡರಂತೆ. ಯಾವ ವರ್ಷ? ಅವರ ಎರಡನೇ ಮಗ ಹುಟ್ಟಿದ ವರ್ಷ. ಮಗನಿಗೆ ಈಗ ನಲವತ್ತೆರಡು. ಸೀನಿಯರ್ ‘ಅನಾದಿ ಕಾಲ’ವನ್ನು ಅಡ್ಡಗೀರು ಎಳೆದು ಹೊಡೆದುಹಾಕಿದರು. ಬಳಸುತ್ತ ಬಂದದ್ದರಿಂದಲೇ ಹುಟ್ಟುವ ಅನುಭೋಗದ ಹಕ್ಕಿಗೆ ಇಪ್ಪತ್ತು ವರ್ಷ ಸಾಕು, ಇವರಿಗೆ ನಲವತ್ತು ದಾಟಿದೆ. ಬಾವಿ ಅಲ್ಲಿಯೇ ಇದೆ, ಮಗನ ಜನನ ದಾಖಲೆ ಇದೆ. ‘ನೀನು ಬರೆದ ಹಾಗೆಯೇ ಹೋಗಿದ್ದರೆ ಪಾಟೀ ಸವಾಲಿನಲ್ಲಿ ಇವರು ನಿಜ ಹೇಳುತ್ತಿದ್ದರು, ನಮ್ಮ ದಾವಾಪತ್ರ ಸುಳ್ಳಾಗುತ್ತಿತ್ತು’ ಎಂದರು ನನಗೆ. ಗದರಲಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ಪೂರ್ತಿ ದಾರಿ ಮೂರನೇ ಪುಟದಲ್ಲಿ ನಿಂತಿದ್ದ ಪೆನ್ನು ಕಣ್ಣೆದುರಿಗಿತ್ತು. ಅತ್ತೆ ನನ್ನನ್ನು ಕೇಳಿದ್ದರು. ಯಾರೂ ಹೇಳಿಕೊಡದೆ, ಸರಿಯಾದ ಜಾಗದಲ್ಲಿ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಚೆಕ್ಕುಬಂದಿ

2025ರ ಫೆಬ್ರವರಿ 16, ಭಾನುವಾರ, ಪತ್ರದ ಜೆರಾಕ್ಸ್ ತೆಗೆದುಕೊಂಡು ಅತ್ತೆಯ ಊರಿಗೆ ಹೋದೆ. ಹೋಗುವ ಮೊದಲು ಅಪ್ಪನಿಗೆ ಹೇಳಿದೆ. ಬಚ್ಚಿಟ್ಟು ಮಾಡುವ ಕೆಲಸ ಇದಾಗಬಾರದಿತ್ತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ‘ಅವಳ ಪಾಲು ಮದುವೆಯಲ್ಲೇ ಹೋಯಿತು. ನಮ್ಮಪ್ಪ ಆ ಮದುವೆಗೆ ಮಾಡಿದ ಸಾಲವನ್ನು ನಾನು ಹನ್ನೊಂದು ವರ್ಷ ತೀರಿಸಿದ್ದೇನೆ’ ಎಂದರು. ಅದು ನಿಜ. ಅಪ್ಪ ಕೆಟ್ಟವರಲ್ಲ. ಅವರು ಮಾಡಿದ್ದನ್ನು ನಮ್ಮೂರಿನಲ್ಲಿ ಎಲ್ಲ ಅಣ್ಣತಮ್ಮಂದಿರೂ ಮಾಡಿದ್ದಾರೆ, ಅದು ತಪ್ಪು ಎಂದು ಅವರಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ಪಕ್ಕದಲ್ಲೇ ನಿಂತು ಅಕ್ಷರದ ತಪ್ಪು ತಿದ್ದಿಸುತ್ತಿದ್ದಳು.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ಒಂದಷ್ಟು ಬಿಡಿಸಿದೆ. ಆಮೇಲೆ ಓದಿದೆ. ಒಂದು ವಾಕ್ಯ ಓದುವುದು, ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳುವುದು, ‘ಈಗ ನೀವು ಹೇಳಿ ಅತ್ತೆ’ ಎನ್ನುವುದು. ಎಂಟು ಪುಟಕ್ಕೆ ಎರಡು ಗಂಟೆ ಹಿಡಿಯಿತು. ಷೆಡ್ಯೂಲಿನ ಚೆಕ್ಕುಬಂದಿಗೆ ಬಂದಾಗ ಅತ್ತೆಯ ಮುಖ ಬೆಳಗಿತು. ಪೂರ್ವಕ್ಕೆ ಹಳ್ಳ. ಹೌದು, ಆ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದೆ. ದಕ್ಷಿಣಕ್ಕೆ ಇಂಥವರ ಜಮೀನು. ಅವರು ಕೊಂಡದ್ದು ಆಮೇಲೆ, ಮೊದಲು ಅದು ಗೋಮಾಳ. ಪಶ್ಚಿಮಕ್ಕೆ ಓಣಿ. ಓಣಿಯ ಈಚೆಗೆ ಒಂದು ಹಲಸಿನ ಮರ ಇತ್ತಲ್ಲ, ಅದನ್ನು ಬರೆದಿಲ್ಲವೇ? ಅದನ್ನು ನೆಟ್ಟದ್ದು ನಾನು. ಬರೆದಿಲ್ಲ ಅತ್ತೆ ಎಂದೆ.

ಕೊನೆಗೆ, 1 ಎಕರೆ 4 ಗುಂಟೆಯ ಲೆಕ್ಕವನ್ನು ಹೇಳಿದೆ. ಅವರೆಕಾಳಿನಲ್ಲೇ ಎಣಿಸಿ ತೋರಿಸಿದೆ. ಅತ್ತೆ ಕಾಳಿನ ಮೂರು ಗುಂಪುಗಳನ್ನು ನೋಡುತ್ತ ಕೂತರು. ‘ನಿಮ್ಮಪ್ಪನಿಗೆ ಕೊಡುವುದಿಲ್ಲ ಎಂದು ನಾನು ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ಪುಟ್ಟಿ. ಗೌರಿ ಹಬ್ಬಕ್ಕೆ ಬಾಗಿನ ಬರುವ ಮನೆ ಅದು. ಆದರೆ ಕೊಟ್ಟೆ ಎಂದು ನನಗೇ ಗೊತ್ತಿಲ್ಲವಲ್ಲ’ ಎಂದರು. ಅವರು ಬೈಯಲಿಲ್ಲ, ಅಳಲೂ ಇಲ್ಲ. ‘ನೀನು ಅವತ್ತು ಏನಿಲ್ಲ ಎಂದೆ’ ಎಂದರು. ಹೌದು ಎಂದೆ. ತಪ್ಪಾಯಿತು ಎಂದೆ. ಅತ್ತೆ ಏನೂ ಹೇಳದೆ ಎದ್ದು ಒಳಗೆ ಹೋಗಿ ಕಾಫಿ ಮಾಡಿ ತಂದರು.

ದಾವೆ ಹೂಡಬಹುದು ಎಂದು ವಿವರಿಸಿದೆ. ಪತ್ರವನ್ನು ರದ್ದುಪಡಿಸಿ ಎಂದು ಕೇಳಲು ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದ ಮೂರು ವರ್ಷ ಕೊಡುತ್ತದೆ, ವಿಷಯ ಮೊದಲ ಬಾರಿ ತಿಳಿದ ದಿನದಿಂದ. ಎದುರು ಪಕ್ಷದ ವಕೀಲರು ನೋಂದಣಿಯಾದ ದಿನದಿಂದಲೇ ಎಣಿಸಬೇಕು ಎನ್ನುತ್ತಾರೆ. ಆ ದಿನ ಅವರಿಗೆ ಏನು ಹೇಳಲಾಯಿತು, ನಿಜ ಯಾವಾಗ ತಿಳಿಯಿತು ಎಂಬುದೇ ಆಗ ಪ್ರಶ್ನೆ. ಅತ್ತೆ ಎಲ್ಲ ಕೇಳಿಸಿಕೊಂಡು, ‘ಕೇಸು ಹಾಕಿದರೆ ನೀನೇ ನಡೆಸುತ್ತೀಯಲ್ಲ?’ ಎಂದರು.

ಇಲ್ಲ ಅತ್ತೆ, ನನಗೆ ಆಗುವುದಿಲ್ಲ ಎಂದೆ. ತಾನು ಸಾಕ್ಷಿಯಾಗಬೇಕಾಗಬಹುದಾದ ಪ್ರಕರಣದಲ್ಲಿ ವಕೀಲರು ವಕಾಲತ್ತು ವಹಿಸಬಾರದು. ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದು, ವೃತ್ತಿನೀತಿಯ ಪತ್ರಿಕೆಗೆ ಓದಿದ್ದೆ. ಬೇರೆ ಒಳ್ಳೆಯ ವಕೀಲರನ್ನು ಗೊತ್ತುಮಾಡಿ ಕೊಡುತ್ತೇನೆ ಎಂದೆ. ನಾನು ಕಟಕಟೆಯಲ್ಲಿ ನಿಲ್ಲುತ್ತೇನೆ, ನಿಮ್ಮ ಕಡೆಗೆ, ಅಂದು ನೀವು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಹೇಳುತ್ತೇನೆ ಎಂದೆ. ಎದುರಿಗೆ ಅಪ್ಪ ಕೂತಿರುತ್ತಾರೆ ಎಂದು ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ.

ಜೆರಾಕ್ಸ್ ಪ್ರತಿಯನ್ನು ಇಲ್ಲಿಯೇ ಬಿಟ್ಟು ಹೋಗು ಎಂದರು. ಮಡಿಸಿ, ಆಧಾರ್ ಕಾರ್ಡಿದ್ದ ಆ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡರು. ಹೂಡು ಎಂದಿಲ್ಲ, ಬೇಡ ಎಂದೂ ಇಲ್ಲ. ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಮುದ್ದತುಗಳನ್ನು ಬರೆದಿಡುವ ಡೈರಿ ಇದೆ. ಅದರ ಕೊನೆಯ ಪುಟದಲ್ಲಿ, ಪ್ರಕರಣದ ಸಂಖ್ಯೆಯಿಲ್ಲದೆ, ಪಕ್ಷಗಾರರ ಹೆಸರಿಲ್ಲದೆ ಒಂದು ತಾರೀಖು ಬರೆದಿಟ್ಟಿದ್ದೇನೆ. 16 ಫೆಬ್ರವರಿ 2028.